ಏಳದ ಕೈ

ಹಾಲನ್ನು ಕೊಟ್ಟು, ಅದನ್ನು ಕಾಯಿಸುವ ಬೆಂಕಿಯನ್ನು ಕೊಟ್ಟು, ಹಂಚಿಕೊಂಡು ಕುಡಿಯಲು ಒಡಹುಟ್ಟಿದವರನ್ನೂ ಕೊಟ್ಟ ಪರಶಿವನಿಗೆ ಮೊದಲು ತಲೆಬಾಗುತ್ತೇನೆ. ನಮ್ಮನ್ನು ಹೊತ್ತ ನೀಲಗಿರಿಯ ಮಣ್ಣಿಗೆ, ಮಂಜು ಮುಸುಕಿದಾಗಲೂ ದಾರಿ ತಪ್ಪದೆ ಮನೆ ಸೇರುತ್ತಿದ್ದ ಎಮ್ಮೆಗಳಿಗೆ, ಮೈಸೂರಿನ ಪಾಠಶಾಲೆಯಲ್ಲಿ ನನಗೆ ಕನ್ನಡದ ಅಕ್ಷರವನ್ನೂ ಸಂಸ್ಕೃತದ ಶ್ಲೋಕವನ್ನೂ ಕಲಿಸಿದ ಗುರುಗಳಿಗೆ ನಮಸ್ಕಾರ. ಇಲ್ಲಿ ನಾನು ಹೇಳಲಿರುವುದರಲ್ಲಿ ಕಹಿ ಇದೆ. ಕೃತಜ್ಞತೆಯನ್ನು ಮೊದಲು ಒಪ್ಪಿಸದೆ ಕಹಿಯನ್ನು ಬಡಿಸಿದರೆ ಅದು ಬರಿಯ ದೂರಾಗಿಬಿಡುತ್ತದೆ. ದೂರು ಹೊತ್ತು ತಿರುಗುವ ವಯಸ್ಸು ನನ್ನದಲ್ಲ; ದೂರನ್ನು ಕೇಳಬೇಕಾದವರೂ ಈಗ ಉಳಿದಿಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಮೊಮ್ಮಗ ತನ್ನ ಫೋನನ್ನು ಒಂದು ಕೋಲಿಗೆ ಸಿಕ್ಕಿಸಿ ನನ್ನ ಮುಂದೆ ನಿಲ್ಲಿಸಿದ. ನಮ್ಮ ಹಟ್ಟಿಯಲ್ಲಿ ಹುಟ್ಟಿ ಊರೂರು ಸೇರಿರುವವರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರಂತೆ. ಅದರಲ್ಲಿ ಹಳೆಯ ಕಾಲದ ಮಾತುಗಳಿಗೆ ಬಹಳ ಬೇಡಿಕೆಯಂತೆ.

“ತಾತಾ, ಫೋನು, ಟೀವಿ, ಕರೆಂಟು ಏನೂ ಇಲ್ಲದೆ ನೀವೆಲ್ಲ ಎಷ್ಟು ಜಾಲಿಯಾಗಿ ಇದ್ದಿರಿ, ಅದನ್ನ ಹೇಳು. ನೀ ಮಾತಾಡ್ತಾ ಹೋಗು, ನಾನು ಆಮೇಲೆ ಸರಿ ಮಾಡ್ಕೊಳ್ತೇನೆ.”

ನಾನು ಬಿಸಿಲು ಇಳಿಯುವ ತನಕ ಮಾತನಾಡಿದೆ. ಅವನು ಸರಿಮಾಡಿಕೊಂಡದ್ದು ಹೇಗೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಅಂದು ಅವನೆದುರು ಆಡಿದ ಮಾತನ್ನೇ ಇಲ್ಲಿ ಬರೆದಿಡುತ್ತೇನೆ. ನಮ್ಮವರ ಮಾತು ಬಡಗ. ಕನ್ನಡದ ಓದುಗರಿಗೆ ಎಟಕುವಷ್ಟು ಅದನ್ನು ಹದಗೊಳಿಸಿದ್ದೇನೆ.

ನಮ್ಮ ಹಟ್ಟಿ ಅರವಂಕಾಡಿನ ಮೇಲಣ ಗುಡ್ಡದ ಮಡಿಲಲ್ಲಿತ್ತು. ಮನೆಗಳೆಲ್ಲ ಒಂದೇ ಸಾಲು. ಒಂದು ಮನೆಯ ಪಕ್ಕದ ಗೋಡೆ ನೆರೆಯ ಮನೆಗೂ ಗೋಡೆ. ಬಾಗಿಲುಗಳೆಲ್ಲ ತೆರೆಯುತ್ತಿದ್ದುದು ಒಂದೇ ಅಂಗಳಕ್ಕೆ. ಒಳಗೆ ಬಂದವರನ್ನು ಕೂರಿಸುವ ಹೊರಕೋಣೆ, ಅದರಾಚೆ ಒಲೆಯಿರುವ ಒಳಮನೆ, ಒಳಮನೆಯ ಮೂಲೆಯಲ್ಲಿ ತೀರ ತಗ್ಗಾದ ಬಾಗಿಲಿನ ಹಾಲುಮನೆ. ಹಾಲುಮನೆ ಎಂದರೆ ಒಬ್ಬ ಆಳು ಮೈ ಚಾಚಿ ಮಲಗಬಹುದಾದಷ್ಟು ಜಾಗ. ಅದರೊಳಗೆ ಹೊಣೆ ಎಂಬ ಹಾಲು ಕರೆಯುವ ಬಿದಿರಿನ ಪಾತ್ರೆ, ಮೊಸರಿನ ಮಡಕೆಗಳು, ಬೆಣ್ಣೆ, ಒಂದು ದೀಪ. ನಮಗೆ ಅದೇ ಗರ್ಭಗುಡಿ. ಎಮ್ಮೆ ಕರೆಯುವುದು ಗಂಡಸರ ಕೆಲಸವಾಗಿತ್ತು. ಹುಡುಗರಿಗೆ ಹಾಲು ಕರೆಯುವ ಶಾಸ್ತ್ರ ಮಾಡಿಸಿದ ಮೇಲೆ ಅವರು ಒಳಗೆ ಹೋಗಬಹುದು. ಹೆಂಗಸರು ಹೋಗುವಂತಿರಲಿಲ್ಲ, ಹೊಸ್ತಿಲಿನ ಈಚೆ ನಿಂತು ಪಾತ್ರೆ ಚಾಚಿದರೆ, ಒಳಗಿನಿಂದ ಹೆತ್ತಪ್ಪ ಹಾಲು ಸುರಿಯುತ್ತಿದ್ದ. ತಂದೆಯ ತಂದೆಯನ್ನು ನಾವು ಹೆತ್ತಪ್ಪ ಎಂದೂ, ಅಜ್ಜಿಯನ್ನು ಹೆತ್ತೆ ಎಂದೂ, ತಾಯಿಯನ್ನು ಅವ್ವೆ ಎಂದೂ ಕರೆಯುತ್ತಿದ್ದೆವು. ಅಪ್ಪ ಕೆಳಗಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಯೂ ಎಮ್ಮೆಗಳೂ ಹೆತ್ತಪ್ಪನ ಆಳ್ವಿಕೆ.

ಮಕ್ಕಳಾದ ನಮಗೆ ಆಳ್ವಿಕೆಯ ಭಾರ ತಿಳಿಯುತ್ತಿರಲಿಲ್ಲ ಎಂಬುದು ನಿಜ. ನನ್ನ ಅಕ್ಕ ಮಿಚ್ಚಿಯೂ ನಾನೂ ಬೆಳಗಿನ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಬೆರಳಿನಿಂದ ಬಳಿದು ನಾಲಗೆಗೆ ಹಚ್ಚಿಕೊಳ್ಳುತ್ತಿದ್ದೆವು. ಸುಲಿದ ಮರದ ತೊಗಟೆಯ ಮೇಲೆ ಕುಳಿತು ಗುಡ್ಡದ ತಲೆಯಿಂದ ತೊರೆಯ ತನಕ ಜಾರುತ್ತಿದ್ದೆವು. ಅಕ್ಕ ಮುಂದೆ, ನಾನು ಅವಳ ಸೊಂಟ ಹಿಡಿದು ಹಿಂದೆ. ಮನೆಯಲ್ಲಿ ಗಡಿಯಾರವಿರಲಿಲ್ಲ. ಕಾರ್ಖಾನೆಯ ಸಂಗು ಕೂಗಿದರೆ ಹಲ್ಲುಜ್ಜುವ ಹೊತ್ತು. ಕೂನೂರಿನಿಂದ ಏರಿ ಬರುವ ರೈಲು ಏದುಸಿರು ಬಿಟ್ಟರೆ ಶಾಲೆಗೆ ಓಡುವ ಹೊತ್ತು. ದಾರಿಯ ಪೊದೆಗಳಲ್ಲಿ ತವುಟೆ ಹಣ್ಣು ತಿಂದು ನೀಲಿಯಾದ ತುಟಿಗಳನ್ನು ಅಕ್ಕ ತನ್ನ ಸೆರಗಿನಿಂದ ಒರೆಸಿಯೇ ನನ್ನನ್ನು ಮೇಷ್ಟರ ಮುಂದೆ ಬಿಡುತ್ತಿದ್ದಳು. ಸಂಜೆ ಸಾಮೆಯ ಅನ್ನ, ಅವರೆಕಾಳಿನ ಸಾರು, ಹಬ್ಬವಾದರೆ ಬೆಲ್ಲ ಬೆರೆಸಿ ಕರಿದ ತುಪ್ಪದಿಟ್ಟು. ಯಾವ ಮನೆಯ ಒಲೆಯ ಮುಂದೆ ನಿದ್ದೆ ಬರುತ್ತಿತ್ತೋ ಅಲ್ಲಿಯೇ ಮಲಗುತ್ತಿದ್ದೆವು. ಬೆಳಗ್ಗೆ ಯಾರೂ ಹುಡುಕುತ್ತಿರಲಿಲ್ಲ. ಆದರೆ ನಾವು ಜಾರಿ ಇಳಿದ ಆ ತೊರೆಯಿಂದಲೇ ಅವ್ವೆ ನೀರು ಹೊತ್ತು ಗುಡ್ಡ ಏರುತ್ತಿದ್ದಳು. ಅಕ್ಕನ ತಲೆಯ ಮೇಲೂ ಆಗಲೇ ಒಂದು ಚಿಕ್ಕ ಕೊಡ ಬಂದು ಕುಳಿತಿತ್ತು. ನನ್ನ ತಲೆಯ ಮೇಲೆ ಏನೂ ಇರಲಿಲ್ಲ. ನಿಶ್ಚಿಂತೆಯ ಬಾಲ್ಯ ಎಂದು ಜನ ಹೇಳುವಾಗ ನನಗೆ ಮೊದಲು ನೆನಪಾಗುವುದು ನೀರು ತುಳುಕದಂತೆ ಬಿಗಿಹಿಡಿದ ಅಕ್ಕನ ಆ ಕತ್ತು.

ನಮ್ಮಲ್ಲಿ ಒಂದು ರೂಢಿಯಿದೆ. ಅದನ್ನು ತಿಳಿಯದವರಿಗೆ ಮುಂದಿನದು ಅರ್ಥವಾಗದು. ಕಿರಿಯರು ಹಿರಿಯರ ಎದುರು ಬಂದರೆ ತಲೆ ಬಾಗಿಸಿ ನಿಲ್ಲಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು, ಒಂದು ಸಾವಿರವಾಗಲಿ, ಒಳ್ಳಿತಾಗಲಿ ಎಂದು ಆರಂಭಿಸಿ ಉದ್ದಕ್ಕೂ ಹರಸಬೇಕು. ಶಾಲೆಗೆ ಹೊರಡುವಾಗ, ಸಂತೆಯಿಂದ ಬಂದಾಗ, ಜ್ವರ ಬಿಟ್ಟಾಗ, ಹೊಸ ಬಟ್ಟೆ ಉಟ್ಟಾಗ, ದಾರಿಯಲ್ಲಿ ಅಪರಿಚಿತ ಮುದುಕಿಯೊಬ್ಬಳು ಎದುರಾದಾಗಲೂ ಇದೇ ರೀತಿ. ಮಕ್ಕಳಿಗೆ ಇದು ಉಸಿರಾಟದಷ್ಟು ಸಹಜ. ಕಿರಿಯನ ಕೈ ಹಿರಿಯರ ತಲೆಯನ್ನು ಎಂದೂ ಮುಟ್ಟಬಾರದು. ಮನೆಯ ಹಿರಿಯನ ಕೈ ಏಳದ ಕಡೆ, ಅವನೆದುರು ಉಳಿದವರ ಕೈ ಏಳುವುದಿಲ್ಲ. ಹೆತ್ತಪ್ಪನ ಕೈ ಅಗಲವಾಗಿತ್ತು. ಅದಕ್ಕೆ ಬೆಣ್ಣೆಯ ವಾಸನೆಯಿತ್ತು. ಅವನ ಹರಕೆ ಮುಗಿಯುವುದರೊಳಗೆ ಅಕ್ಕ ಬಾಗಿದ ತಲೆಯಡಿಯಿಂದಲೇ ನನ್ನನ್ನು ನೋಡಿ ನಾಲಗೆ ಚಾಚುತ್ತಿದ್ದಳು. ಅವನಿಗದು ತಿಳಿಯುತ್ತಿತ್ತು. ತಿಳಿದೇ ಇನ್ನಷ್ಟು ಉದ್ದ ಹರಸುತ್ತಿದ್ದ. ಅವಳೆಂದರೆ ಅವನಿಗೆ ನನಗಿಂತ ಹೆಚ್ಚು ಪ್ರೀತಿ.

ಒಂದು ಮಳೆಗಾಲದಲ್ಲಿ ಮಲ್ಲಿ ಎಂಬ ನಮ್ಮ ಎಮ್ಮೆ ಈಯಿತು; ಕೆಲವೇ ದಿನಗಳಲ್ಲಿ ಕರು ಸತ್ತಿತು. ಆಗಲೇ ಕಣಿವೆಯಾಚೆಯ ಹಟ್ಟಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಮದುವೆಗೆ ಹೋಗದವರನ್ನು ನಮ್ಮವರು ಕ್ಷಮಿಸಿಯಾರು, ಸಾವಿಗೆ ಹೋಗದವರನ್ನು ಕ್ಷಮಿಸುವುದಿಲ್ಲ. ಬೆಳಗ್ಗೆ ಎಮ್ಮೆ ಕರೆದು ಮುಗಿಸಿ, ಬಿಳಿಯ ಹೊದಿಕೆ ಹೊದ್ದು, ಹಟ್ಟಿಗೆ ಹಟ್ಟಿಯೇ ನಡೆದು ಹೋಯಿತು. ಉಳಿದವರು ಮುದುಕಿಯರು, ಹಾಲುಕುಡಿ ಮಕ್ಕಳು, ಮೊಣಕಾಲು ಹಿಡಿದು ಕುಳಿತಿದ್ದ ನಮ್ಮ ಹೆತ್ತೆ, ಕೆಮ್ಮಿನಿಂದ ಮಲಗಿದ್ದ ನಾನು, ನನ್ನನ್ನು ನೋಡಿಕೊಳ್ಳಲು ಅಕ್ಕ. ದೀಪ ಹಚ್ಚುವ ಮುಂಚೆ ಬರುತ್ತೇವೆಂದು ಹೇಳಿ ಹೋದವರು ಬರಲಿಲ್ಲ. ದಾರಿಯಲ್ಲಿ ಮಣ್ಣು ಕುಸಿದು ಅವರು ಗುಡ್ಡ ಬಳಸಿ ನಡೆಯಬೇಕಾಯಿತೆಂದು ಆಮೇಲೆ ತಿಳಿಯಿತು.

ಮುಸ್ಸಂಜೆಗೆ ಎಮ್ಮೆಗಳು ತಾವಾಗಿ ಬಂದವು. ಉಳಿದವು ಹೇಗೋ ತಡೆದುಕೊಂಡವು. ಮಲ್ಲಿಯ ಕೆಚ್ಚಲು ಕಲ್ಲಾಗಿತ್ತು. ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಅದು ಬಾಗಿಲಿಗೆ ಬಂದು ನಿಂತು, ಮನೆಯೊಳಗೆ ಮುಖ ಹಾಕಿ ಕೂಗಿದ ಆ ಕೂಗನ್ನು ನಾನು ಈ ಬರಹದಲ್ಲಿ ತರಲಾರೆ. ಅಕ್ಕ ಬಾಗಿಲಿಗೂ ಒಲೆಗೂ ನಡುವೆ ಓಡಾಡಿದಳು. ಒಲೆಯ ಮುಂದಿನಿಂದ ಹೆತ್ತೆ ಹೇಳಿದಳು:

“ಅದರ ನೋವ ಕೇಳಿಕೊಂಡು ನಿಂತು ಏನಾತು? ಹೋಗಿ ಕರೆ, ಮಿಚ್ಚಿ.”

“ಕರೆದ ಹಾಲ ಎಲ್ಲಿ ಇಡಲಿ, ಹೆತ್ತೆ?”

ಹೆತ್ತೆ ಹಾಲುಮನೆಯ ಕಡೆ ತಿರುಗಿ ನೋಡಿದಳು. ಹಾಲನ್ನು ನೆಲಕ್ಕೆ ಸುರಿಯುವುದು ಪಾಪ. ಅನ್ನ ಬೆಂದ ಪಾತ್ರೆಗಳ ನಡುವೆ ಇಡುವುದು ಮೈಲಿಗೆ. ಹಾಲುಮನೆಯಲ್ಲಿ ಸಂಜೆಯ ದೀಪ ಬೇರೆ ಹಚ್ಚಿರಲಿಲ್ಲ.

“ಹಾಲು ಇಪ್ಪ ಜಾಗ ಒಂದೇ. ಕೈಕಾಲು ತೊಳೆದು ಒಳಗೆ ಇಟ್ಟು ಬಾ. ದೀಪವನೂ ಹಚ್ಚಿ ಬಾ.”

ಮಲ್ಲಿ ಹೆತ್ತಪ್ಪನ ಕೈಗಲ್ಲದೆ ನಿಲ್ಲುತ್ತಿರಲಿಲ್ಲ. ಅಕ್ಕ ಗೂಟದಲ್ಲಿದ್ದ ಅವನ ಹಳೆಯ ಹೊದಿಕೆಯನ್ನು ಹೊದ್ದು ಹೋದಳು. ಆ ವಾಸನೆಗೆ ಎಮ್ಮೆ ನಿಂತಿತು. ಕರೆದು ಬಂದು, ಕೊರೆಯುವ ನೀರಿನಲ್ಲಿ ಮೊಣಕೈ ತನಕ, ಮೊಣಕಾಲ ತನಕ ತೊಳೆದುಕೊಂಡಳು. ನನಗೆ ಇನ್ನೂ ಶಾಸ್ತ್ರವಾಗಿರಲಿಲ್ಲವಾದ್ದರಿಂದ ನಾನು ಹೊಸ್ತಿಲಿನ ಹೊರಗೆ ನಿಂತೆ. ಅವಳು ತಲೆ ತಗ್ಗಿಸಿ ಒಳಹೊಕ್ಕು, ಹೊಣೆಯನ್ನು ಅದರ ಜಾಗದಲ್ಲಿಟ್ಟು, ದೀಪ ಹಚ್ಚಿ, ಅಡ್ಡಬಿದ್ದು, ಹೆತ್ತಪ್ಪ ಮಾಡುವಂತೆಯೇ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಬಂದಳು. ನಾನು ಮುಂದೆ ದೊಡ್ಡ ದೊಡ್ಡ ಕ್ಷೇತ್ರಗಳಲ್ಲಿ ಪೂಜೆ ಕಂಡಿದ್ದೇನೆ. ಅಷ್ಟು ನಡುಗುವ ಭಕ್ತಿಯನ್ನು ಮತ್ತೆಲ್ಲಿಯೂ ಕಾಣಲಿಲ್ಲ. ಅವಳು ಆ ಹಾಲನ್ನು ನಾಯಿಗೆ ಹಾಕಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಹಾಲಿಗೆ ಮರ್ಯಾದೆ ಕೊಡಲು ಹೋಗಿ ಕೆಟ್ಟಳು.

ಹೋದವರು ಒದ್ದೆಯಾಗಿ ಬಂದರು. ಹಾಲುಮನೆಯ ದೀಪದ ಬೆಳಕು ಒಳಮನೆಯ ನೆಲದ ಮೇಲೆ ಬಿದ್ದಿತ್ತು. ಯಾರು ಹಚ್ಚಿದರೆಂದು ಹೆತ್ತಪ್ಪ ಕೇಳಿದ. ಅಕ್ಕ ತಾನೇ ಎಂದು ಮುಂದೆ ಬಂದು, ರೂಢಿಯಂತೆ ತಲೆ ಬಾಗಿಸಿದಳು. ಬಾಗಿದ ತಲೆಯನ್ನು ಕಂಡು ಅವನ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ಬಂತು. ಅಲ್ಲಿ ನಿಂತಿತು.

“ನೀ ಒಳಗೆ ಹೋದೆಯಾ?”

“ಹೋದೆ ಹೆತ್ತಪ್ಪ. ಮಲ್ಲಿ ತಡೆಯದೆ ಕೂಗಿತು. ಕೈಕಾಲು ತೊಳೆದೇ ಹೋದೆ.”

ಅವನು ಹೆಂಡತಿಯ ಕಡೆ ನೋಡಿದ. ಹೆತ್ತೆ ಒಲೆಯ ಕೊಳ್ಳಿ ಸರಿಸುತ್ತಿದ್ದಳು. ಹೆತ್ತೆಯೇ ಹೇಳಿದ್ದು ಎಂದು ನಾನು ಬಾಯಿ ತೆರೆದೆ. ಅವ್ವೆಯ ಒದ್ದೆ ಅಂಗೈ ಬಂದು ನನ್ನ ಬಾಯಿ ಮುಚ್ಚಿತು. ಹೆತ್ತೆ ಕೊಳ್ಳಿಯಿಂದ ಕಣ್ಣು ತೆಗೆಯದೆ, ಕೂಳು ಆಗಿದೆ, ಕೈ ತೊಳೆಯಿರಿ ಎಂದಳು. ಆ ರಾತ್ರಿ ಅವಳು ಆಡಿದ ಮಾತು ಅಷ್ಟೇ. ತನ್ನ ಜೀವಮಾನದಲ್ಲಿ ಆ ವಿಷಯವಾಗಿ ಅವಳು ಆಡಿದ ಮಾತೂ ಅಷ್ಟೇ. ಅರ್ಧಕ್ಕೆ ನಿಂತಿದ್ದ ಹೆತ್ತಪ್ಪನ ಕೈ ಇಳಿದು ಕೋಲನ್ನು ಹಿಡಿದುಕೊಂಡಿತು.

ಮರುದಿನ ಅವನು ಹಾಲುಮನೆಯ ಮಡಕೆಗಳನ್ನೆಲ್ಲ ಹೊರಗೆ ತಂದು ಒಡೆದ. ಬೆಣ್ಣೆಯನ್ನು ತೊರೆಗೆ ಬಿಟ್ಟ. ಗೋಡೆ ನೆಲ ಸಾರಿಸಿ, ಹೊಸ ಹೊಣೆ ಕೊಯ್ದು ತರುವ ತನಕ ಉಪವಾಸವಿದ್ದ. ಅವನು ಕ್ರೂರಿಯಲ್ಲ. ಒಡೆದ ಮಡಕೆಗಳ ಮುಂದೆ ಅವನು ಕಣ್ಣೊರೆಸಿಕೊಂಡುದನ್ನು ನಾನು ಕಂಡಿದ್ದೇನೆ. ಅಪ್ಪ ಹತ್ತಿರ ಹೋಗಿ, ಕೂಸು, ತಿಳಿಯದೆ ಮಾಡಿದಳು ಎಂದು ಬೇಡಿಕೊಂಡಾಗ ಅವನು ಹೇಳಿದ್ದು ಹೀಗೆ:

“ಅವಳ ಮೇಲೆ ಎನಗೆ ಸಿಟ್ಟು ಇಲ್ಲೆ. ಈ ಕೈ ಹಾಲ ಮುಟ್ಟುವ ಕೈ. ಇನ್ನು ಇದು ಅವಳ ತಲೆಗೆ ಬಾರದು.”

ಅಲ್ಲಿಗೆ ನಮ್ಮ ಬಾಲ್ಯ ಮುಗಿಯಿತು. ಹಾಗೆಂದು ಜಾರುವುದನ್ನೂ ಹಣ್ಣು ಕೀಳುವುದನ್ನೂ ನಾವು ಬಿಡಲಿಲ್ಲ. ಆದರೆ ಪ್ರತಿ ಬೆಳಗ್ಗೆ ಶಾಲೆಗೆ ಹೊರಡುವಾಗ ಜಗಲಿಯ ಮೇಲೆ ಕುಳಿತ ಹೆತ್ತಪ್ಪನ ಮುಂದೆ ನಾವಿಬ್ಬರೂ ಬಾಗಬೇಕು. ಬೆಣ್ಣೆಯ ವಾಸನೆಯ ಆ ಕೈ ನನ್ನ ತಲೆಯ ಮೇಲೆ ಬರುತ್ತಿತ್ತು. ಅಕ್ಕ ಬಾಗಿದಾಗ ಅದು ಕೋಲಿನ ಮೇಲೆಯೇ ಉಳಿಯುತ್ತಿತ್ತು. ಅವಳು ಬಾಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹರಕೆಗೆ ಹಿಡಿಯುವಷ್ಟೇ ಹೊತ್ತು ಬಾಗಿ ನಿಂತು, ತಾನಾಗಿ ತಲೆಯೆತ್ತಿ, ನನ್ನ ಕೈ ಹಿಡಿದು ಹೊರಡುವಳು. ಬಾಗಿದ ತಲೆಯಡಿಯಿಂದ ನಾಲಗೆ ಚಾಚುವುದು ನಿಂತುಹೋಯಿತು. ಅವ್ವೆ ಮಾತ್ರ ಒಲೆಯ ಹೊಗೆಯ ಮರೆಯಲ್ಲಿ, ಯಾರೂ ಕಾಣದಾಗ, ಮಗಳ ನೆತ್ತಿಯ ಮೇಲೆ ಕೈಯಿಟ್ಟು ತುಟಿಯಲ್ಲೇ ಹರಸುತ್ತಿದ್ದಳು. ಅದು ಕಳ್ಳತನದ ಹರಕೆ. ಹಟ್ಟಿಯ ಲೆಕ್ಕಕ್ಕೆ ಬರುವಂಥದಲ್ಲ.

ಅಕ್ಕನ ಮದುವೆಯಾಗಿ ಅವಳು ಕೂನೂರಿನಾಚೆಯ ಹಟ್ಟಿಗೆ ಹೊರಟ ದಿನ, ಅಂಗಳದ ತುಂಬ ಬಿಳಿಯ ಬಟ್ಟೆಯ ಜನ. ಮದುವಣಗಿತ್ತಿ ಮೊದಲು ಮನೆಯ ಹಿರಿಯನಿಗೆ ಬಾಗಬೇಕು, ಆಮೇಲೆ ಸಾಲಾಗಿ ಉಳಿದವರಿಗೆ. ಇಂದಾದರೂ ಆ ಕೈ ಏಳಬಹುದೆಂದು ನಾವೆಲ್ಲ ಕಾದು ನಿಂತೆವು. ಅಕ್ಕ ಬಾಗಿದಳು. ಹೆತ್ತಪ್ಪ ಗುಡ್ಡದ ಕಡೆ ಮುಖ ಮಾಡಿ ನಿಂತ. ನೆರೆಮನೆಯ ಮುದುಕಿಯೊಬ್ಬಳು ತನ್ನ ಸೊಸೆಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು:

“ನೋಡು ಅವನ, ಗುಡ್ಡದ ಮೇಲೆ ಇಲ್ಲದ ಎಮ್ಮೆಯ ಎಣಿಸಿಕೊಂಡು ನಿಂತವನೆ. ಹೆಣ್ಣು ನಡುಬಗ್ಗಿ ಮುದುಕಿ ಆಗಲಿ ಅಂತಲೋ ಏನೋ.”

ಕೆಲವರು ನಕ್ಕರು. ಹೆತ್ತಪ್ಪ ನಗಲಿಲ್ಲ, ತಿರುಗಲೂ ಇಲ್ಲ. ಅವನ ಕೈ ಏಳದ್ದರಿಂದ ಅಪ್ಪನ ಕೈ ಏಳಲಿಲ್ಲ, ಸಾಲಿನಲ್ಲಿದ್ದ ಯಾರ ಕೈಯೂ ಏಳಲಿಲ್ಲ. ನಮ್ಮ ಹಟ್ಟಿಯಿಂದ ಹರಕೆಯಿಲ್ಲದೆ ಹೊರಟ ಮದುವಣಗಿತ್ತಿ ನನಗೆ ತಿಳಿದಂತೆ ಅವಳೊಬ್ಬಳೇ.

ಹೆತ್ತಪ್ಪ ತೀರಿಕೊಂಡಾಗ ಅಕ್ಕ ಕೈಕೂಸಿನೊಡನೆ ಬಂದಳು. ಶವವನ್ನು ಅಂಗಳದಲ್ಲಿ ಮಲಗಿಸಿ, ಮಕ್ಕಳು ಮೊಮ್ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಾಗುತ್ತಿದ್ದೆವು. ಅವಳ ಸರದಿ ಬಂದಾಗ ಅವ್ವೆ ತಡೆಯಲಾರದೆ, ಸತ್ತವನ ಕೈಯನ್ನು ತಾನೇ ಎತ್ತಿ ಮಗಳ ತಲೆಯ ಕಡೆಗೆ ತಂದಳು. ಅಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದು, ಎದೆಯ ಮೇಲೆ ಇದ್ದ ಹಾಗೆಯೇ ಇಟ್ಟಳು.

“ಬೇಡ ಅವ್ವೆ. ಕೊಡದ್ದ ನಾ ಎತ್ತಿಕೊಳ್ಳೆ.”

ಇದಾದ ಮೇಲೆ ಬಹಳ ಕಾಲ ಉರುಳಿತು. ಅಪ್ಪ ಎಮ್ಮೆಗಳನ್ನು ಮಾರಿ, ನಾವು ಜಾರುತ್ತಿದ್ದ ಗುಡ್ಡಕ್ಕೆ ಚಹಾ ಹಾಕಿದ. ತನ್ನ ತಂದೆ ಎತ್ತದ ಕೈಯನ್ನು ತಾನು ಎತ್ತಲಾರೆ ಎಂದುಕೊಂಡೇ ಅವನೂ ಕಣ್ಣು ಮುಚ್ಚಿದ. ಹೊಗೆಯ ಮರೆಯಿಂದ ಈಚೆ ಬರದೆ ಅವ್ವೆಯೂ ಹೋದಳು. ಕರೆಂಟು ಬಂತು, ನಲ್ಲಿ ಬಂತು. ಹಾಲು ಪ್ಯಾಕೆಟ್ಟಿನಲ್ಲಿ ಬರತೊಡಗಿತು. ಸಾಲುಮನೆಯನ್ನು ಒಡೆದು ನನ್ನ ಮಗ ತಾರಸಿಯ ಮನೆ ಕಟ್ಟಿದ. ಹಾಲುಮನೆಯಿದ್ದ ಜಾಗದಲ್ಲಿ ಈಗ ಬಟ್ಟೆ ಒಗೆಯುವ ಮೆಷಿನ್ ಇದೆ. ಬಾಗಿಲನ್ನು ಎತ್ತರ ಮಾಡಿದ್ದಾರೆ. ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಸೊಸೆ ಚಪ್ಪಲಿ ಮೆಟ್ಟಿಯೇ ಹೋಗಿಬರುತ್ತಾಳೆ, ಯಾರ ಕೈಯೂ ಅರ್ಧಕ್ಕೆ ನಿಲ್ಲುವುದಿಲ್ಲ. ಮೆಷಿನ್ನಿನ ಮೇಲೆ ನನಗೆ ಮುನಿಸಿಲ್ಲ. ನೀರು ಹೊರುವ ಕತ್ತುಗಳನ್ನು ಅದು ಉಳಿಸಿದೆ. ನನ್ನ ಕಹಿ ಬೇರೆ. ಹೀಗೆ ಒಂದು ದಿನ ಸುಲಭವಾಗಿ ಬಿಟ್ಟುಕೊಡಬಹುದಾಗಿದ್ದ ಹೊಸ್ತಿಲಿಗೆ ಅವಳ ತಲೆಯನ್ನು ಏಕೆ ಒತ್ತೆಯಿಟ್ಟರು? ಮಡಿಯನ್ನು ನಾನು ಇಂದಿಗೂ ಆಚರಿಸುತ್ತೇನೆ. ಕೆಚ್ಚಲು ಬಿರಿದು ಕೂಗುವ ಎಮ್ಮೆಗೆ ಅದರಲ್ಲಿ ಎಲ್ಲಿ ಉತ್ತರವಿದೆ ಎಂದು ಹುಡುಕುತ್ತಲೇ ಇದ್ದೇನೆ.

ಇಷ್ಟನ್ನೂ ನಾನು ಮೊಮ್ಮಗನ ಫೋನಿನ ಮುಂದೆ ಹೇಳಿದೆ. ಗುಂಪಿಗೆ ಹೋದದ್ದರಲ್ಲಿ ಇಬ್ಬನಿ ನೆಕ್ಕಿದ್ದು, ತೊಗಟೆಯ ಮೇಲೆ ಜಾರಿದ್ದು, ರೈಲಿನ ಕೂಗು, ತುಪ್ಪದಿಟ್ಟು ಇದ್ದವು. ಹಿಂದೆ ಕೊಳಲಿನ ಸ್ವರ ಸೇರಿಸಿದ್ದ. ಎಮ್ಮೆ ಇರಲಿಲ್ಲ, ಅಕ್ಕ ಇರಲಿಲ್ಲ. ಏಕೆಂದು ಕೇಳಿದೆ.

“ಅಳು ಬರಿಸೋ ಭಾಗ ಯಾರೂ ನೋಡಲ್ಲ ತಾತಾ, ತಳ್ಳಿಬಿಡ್ತಾರೆ. ಈಗ ನೋಡು, ಎಲ್ಲಾರೂ ಆ ಕಾಲ ಮತ್ತೆ ಬರಬೇಕು ಅಂತಿದ್ದಾರೆ.”

ಹುಡುಗ ಒಳ್ಳೆಯವನು. ಅವನ ಮೇಲೆ ಸಿಟ್ಟು ಬರಲಿಲ್ಲ. ಬಾಯಿಯ ಮೇಲೆ ಮತ್ತೆ ಆ ಒದ್ದೆ ಅಂಗೈ ಬಂದು ಕುಳಿತಂತಾಯಿತು. ಮುಂದಿನ ವಾರ ಅಕ್ಕನ ಮನೆಗೆ ಹೋದೆ. ಅವಳಿಗೀಗ ನಡು ಬಾಗಿದೆ. ಆ ಮುದುಕಿಯ ಕುಹಕ ನಿಜವಾಗಿದೆ. ಮೊಮ್ಮಗ ಗುಂಪಿಗೆ ಕಳಿಸಿದ್ದನ್ನು ಅಕ್ಕನ ಮಗಳು ಫೋನಿನಲ್ಲಿ ಅವಳಿಗೆ ತೋರಿಸಿದ್ದಳಂತೆ. ಬೆಲ್ಲದ ಕಾಪಿ ಕೊಟ್ಟು, ಎದುರು ಕುಳಿತು, ಅಕ್ಕ ಹೇಳಿದಳು:

“ಒಳ್ಳಿತಾಗಿ ಹೇಳಿದ್ದೆ ತಮ್ಮ. ತೊಗಟೆ ಮೇಲೆ ನೀ ಒಬ್ಬನೇ ಜಾರಿದ ಹಾಗೆ ಇತ್ತು, ಅಷ್ಟೆ. ಎನ್ನ ಸೊಂಟ ಹಿಡಿಯದೆ ಜಾರಿದ್ದರೆ ನೀ ಆವತ್ತೇ ತೊರೆ ಸೇರಿದ್ದೆ.”

ಇಬ್ಬರೂ ನಕ್ಕೆವು. ಹೊರಡುವಾಗ ರೂಢಿಯಂತೆ ನಾನು ತಲೆ ಬಾಗಿಸಿದೆ. ಅವಳ ಕೈ ತಡವಿಲ್ಲದೆ ಬಂದು ನನ್ನ ಬೋಳು ನೆತ್ತಿಯ ಮೇಲೆ ಕುಳಿತಿತು. ಒಂದು ಸಾವಿರವಾಗಲಿ, ಒಳ್ಳಿತಾಗಲಿ, ಹಟ್ಟಿ ತುಂಬಲಿ, ಹಾಲು ತುಂಬಲಿ ಎಂದು, ಹೆತ್ತಪ್ಪ ಹರಸುತ್ತಿದ್ದ ಅದೇ ಮಾತುಗಳನ್ನು ಅದೇ ರಾಗದಲ್ಲಿ, ಒಂದನ್ನೂ ಬಿಡದೆ, ಹೇಳಿದಳು. ಬಾಗಿ ನಿಂತು ನಿಂತು ಅವಳು ಕಲಿತದ್ದು ಅದು: ಪಕ್ಕದಲ್ಲಿದ್ದ ನನ್ನ ತಲೆಯ ಮೇಲೆ ಬೀಳುತ್ತಿದ್ದುದನ್ನು ಕೇಳಿ ಕೇಳಿ.

ಈಗ ನಾನೂ ಹಿರಿಯ. ಹರಸುವ ಹಕ್ಕು ನನಗೂ ಬಂದಿದೆ. ಕೊಳ್ಳಿ ಸರಿಸುತ್ತ ಕುಳಿತ ಹೆತ್ತೆಯ ಮೌನಕ್ಕೆ ಶಾಂತಿ ಸಿಗಲಿ. ಬಾಯಿ ಮುಚ್ಚಿದ ಅವ್ವೆಯ ಅಂಗೈ ತಂಪಾಗಿರಲಿ. ಅಪ್ಪನ ಅಳುಕಿಗೆ ಕ್ಷಮೆ ದೊರೆಯಲಿ. ಅರ್ಧಕ್ಕೆ ಎದ್ದ ಹೆತ್ತಪ್ಪನ ಕೈ, ಅವನು ಎಲ್ಲಿದ್ದರೂ, ಉಳಿದ ಅರ್ಧವನ್ನು ಏರಲಿ. ಮಲ್ಲಿಗೆ ಹುಲ್ಲಿರುವ ಗುಡ್ಡ ಸಿಗಲಿ, ಅದರ ಕರು ಅದರೊಡನಿರಲಿ. ನಕ್ಕವರಿಗೂ, ನಗದವರಿಗೂ, ತನಗೆ ಬೇಡವಾದುದನ್ನು ಕತ್ತರಿಸಿದ ನನ್ನ ಮೊಮ್ಮಗನಿಗೂ ಒಳ್ಳಿತಾಗಲಿ. ಮಿಚ್ಚಿ ಅಕ್ಕನನ್ನು ಮಾತ್ರ ನಾನು ಹರಸಲಾರೆ. ನಾನು ಅವಳಿಗಿಂತ ಕಿರಿಯ. ಅವಳ ಹಟ್ಟಿಯಲ್ಲೂ ನಮ್ಮ ಹಟ್ಟಿಯಲ್ಲೂ ಅವಳಿಗಿಂತ ಹಿರಿಯರು ಈಗ ಯಾರೂ ಉಳಿದಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ತುಂಬ ವಯಸ್ಸಾದ ಯಾರಾದರೂ ಇದ್ದರೆ, ದಯಮಾಡಿ ಹಗಲು ಬೆಳಕಿನಲ್ಲಿ, ನಾಲ್ಕು ಜನರ ಎದುರು, ಒಮ್ಮೆ ಕೈಯೆತ್ತಿ. ಅವಳು ಬಾಗಿಯೇ ಇದ್ದಾಳೆ.